ಏಕ ಮೂಲ ಖರೀದಿ: ಅನುಮೋದನೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು



“ಈ ಸಾಮಗ್ರಿ ಒಂದೇ ಸಂಸ್ಥೆಯಲ್ಲಿ ಲಭ್ಯವಿರುವುದರಿಂದ ಟೆಂಡರ್ ಅಗತ್ಯವಿಲ್ಲ” ಎಂಬ ಟಿಪ್ಪಣಿ ಸಭೆಯ ಮುಂದೆ ಬಂದಾಗ ಅದನ್ನು ಹೇಗೆ ಪರಿಶೀಲಿಸಬೇಕು? ಈ ಪ್ರಶ್ನೆ ವಿಶ್ವವಿದ್ಯಾಲಯಗಳ ಪ್ರಯೋಗಾಲಯಗಳಲ್ಲಿ ಪದೇಪದೇ ಉದ್ಭವಿಸುವುದರಿಂದ ಅಲ್ಲಿನ ಉದಾಹರಣೆಯೊಂದಿಗೆ ವಿವರಿಸಲಾಗಿದೆ.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಪ್ರಕಾರ ಟೆಂಡರ್ ಕರೆಯುವುದೇ ನಿಯಮ. ಒಂದೇ ಮೂಲದಿಂದ ಲಭ್ಯವಿದ್ದು ಸೂಕ್ತ ಪರ್ಯಾಯವಿಲ್ಲದ ಸರಕಿಗೆ ಕಲಂ 4(ಬಿ) ವಿನಾಯಿತಿ ನೀಡುತ್ತದೆ. ಆದರೆ ಅದು ನಿಜವೇ ಎಂಬುದನ್ನು ಮೂವರು ತಜ್ಞರ ಸಮಿತಿ ದೃಢಪಡಿಸಬೇಕು. ಕೇಂದ್ರೀಯ ವಿಶ್ವವಿದ್ಯಾಲಯಗಳು ಸಾಮಾನ್ಯ ಹಣಕಾಸು ನಿಯಮಗಳು, 2017ರ ನಿಯಮ 166ನ್ನು ಅನುಸರಿಸುತ್ತವೆ.

ಪ್ರಯೋಗಾಲಯದ ಉದಾಹರಣೆ

ನೀರಿನಲ್ಲಿರುವ ಫ್ಲೋರೈಡ್ ಮತ್ತು ನೈಟ್ರೇಟ್ ಪ್ರಮಾಣವನ್ನು ಅಳೆಯಲು ಅಯಾನ್ ಕ್ರೊಮ್ಯಾಟೋಗ್ರಾಫ್ ಎಂಬ ಉಪಕರಣವನ್ನು ಬಳಸುತ್ತಾರೆ. ಹೊಸದಾಗಿ ಕೊಳ್ಳುವಾಗ ಇದು ಏಕ ಮೂಲ ಖರೀದಿಯಾಗದು. ಹಲವು ಕಂಪನಿಗಳು ಇದನ್ನು ತಯಾರಿಸುತ್ತವೆ. ಈಗಾಗಲೇ ಇರುವ ಉಪಕರಣದ ಮಾದರಿಗೆ ಮಾತ್ರ ಹೊಂದುವ ಬಿಡಿಭಾಗ ಕೆಟ್ಟಿದ್ದರೆ, ಅದನ್ನು ಮೂಲ ತಯಾರಕರಿಂದಲೇ ತರಿಸುವುದು ಸಮರ್ಥನೀಯ.

ತಯಾರಕರು ನೀಡುವ “ನಾವೇ ಏಕೈಕ ತಯಾರಕರು” ಎಂಬ ಪ್ರಮಾಣಪತ್ರವೊಂದೇ ಸಾಲದು. ಪ್ರತಿಯೊಂದು ಕಂಪನಿಯೂ ತನ್ನ ಬ್ರ್ಯಾಂಡಿಗೆ ಏಕೈಕ ತಯಾರಕನೇ. ನಮ್ಮ ಅಗತ್ಯವನ್ನು ಬೇರೆ ಯಾರೂ ಪೂರೈಸಲಾರರೇ ಎಂಬುದೇ ಪ್ರಶ್ನೆ. ಒಂದು ಕಂಪನಿಯ ಕ್ಯಾಟಲಾಗನ್ನೇ ನಕಲು ಮಾಡಿ ತಾಂತ್ರಿಕ ವಿವರಣೆ ಬರೆದರೆ ಏಕ ಮೂಲವನ್ನು ನಾವೇ ಸೃಷ್ಟಿಸಿದಂತಾಗುತ್ತದೆ.

ನಾನು ವ್ಯಾಸಂಗ ಮಾಡಿದ ಕಾಲೇಜಿನಲ್ಲಿ ಹೀಗೆ ಕೊಂಡ ಒಂದು ಯಂತ್ರ, ವಾರ್ಷಿಕ ನಿರ್ವಹಣಾ ವೆಚ್ಚ ಭರಿಸಲಾಗದೆ ಬಟ್ಟೆ ಹೊದ್ದು ನಿಂತಿತ್ತು. ನಾವು ಅದರ ಪ್ರಯೋಗವನ್ನು ಪುಸ್ತಕದಲ್ಲಿ ಓದಿಯೇ ಪರೀಕ್ಷೆ ಬರೆದೆವು.

ನಮ್ಮ ಪಂಚಾಯಿತಿಗಳಲ್ಲಿ

ಶುದ್ಧ ಕುಡಿಯುವ ನೀರಿನ ಘಟಕದ ಮೆಂಬ್ರೇನ್ ಹಾಳಾದಾಗ “ಘಟಕ ಅಳವಡಿಸಿದವರೇ ಕೊಡಬೇಕು” ಎಂಬ ಮಾತು ಕೇಳಿಬರುತ್ತದೆ. ಆದರೆ 4040 ಎಂದು ಗುರುತಿಸುವ ಮೆಂಬ್ರೇನ್ 4 ಅಂಗುಲ ವ್ಯಾಸ, 40 ಅಂಗುಲ ಉದ್ದದ ಪ್ರಮಾಣಿತ ಅಳತೆಯದು. ಹಲವು ತಯಾರಕರಲ್ಲಿ ದೊರೆಯುತ್ತದೆ. ಅದೇ ಘಟಕಕ್ಕೆಂದೇ ರೂಪಿಸಿದ ನಿಯಂತ್ರಣ ಫಲಕದ ಬಿಡಿಭಾಗ ಬೇರೆಡೆ ಸಿಗದಿರಬಹುದು. ಎರಡನ್ನೂ ಒಂದೇ ಟಿಪ್ಪಣಿಯಲ್ಲಿ ಸೇರಿಸಬಾರದು.

ಕಡತದಲ್ಲಿ ಇರಬೇಕಾದವು:

1. ಬ್ರ್ಯಾಂಡ್ ಹೆಸರಿಲ್ಲದೆ ಬರೆದ ಅಗತ್ಯದ ವಿವರ.
2. ಪರಿಶೀಲಿಸಿದ ಪರ್ಯಾಯಗಳು ಮತ್ತು ಪ್ರತಿಯೊಂದನ್ನೂ ಕೈಬಿಟ್ಟ ತಾಂತ್ರಿಕ ಕಾರಣ. “ಗುಣಮಟ್ಟ ಚೆನ್ನಾಗಿಲ್ಲ” ಎಂಬುದು ಕಾರಣವಲ್ಲ.
3. ತಜ್ಞರ ಸಮಿತಿಯ ಸಹಿಯುಳ್ಳ ವರದಿ.
4. ದರ ನ್ಯಾಯಯುತವೆಂಬುದಕ್ಕೆ ಆಧಾರ: ಇತರ ಸಂಸ್ಥೆಗಳು ಅದೇ ಸರಕಿಗೆ ನೀಡಿದ ಖರೀದಿ ಆದೇಶಗಳು.
5. ಖಾತರಿ ಅವಧಿ, ನಂತರದ ನಿರ್ವಹಣಾ ವೆಚ್ಚ.

ತುರ್ತು ಎಂಬ ಕಾರಣಕ್ಕೆ ಈ ಹಂತಗಳನ್ನು ಬಿಡುವುದು ಸರಿಯಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ. ಪರ್ಯಾಯ ಮೂಲವಿಲ್ಲದಾಗ 1.5 ಮಿಲಿಗ್ರಾಂ. ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಘಟಕ ನಿಂತರೆ ಜನರು ಕೊಳವೆಬಾವಿಯ ನೀರಿಗೇ ಮರಳುತ್ತಾರೆ. ಆದ್ದರಿಂದ ಬಿಡಿಭಾಗಗಳ ಪಟ್ಟಿ ಮತ್ತು ಅವು ದೊರೆಯುವ ಮೂಲಗಳನ್ನು ಘಟಕ ಕೆಡುವ ಮೊದಲೇ ಸಿದ್ಧಪಡಿಸಿಕೊಳ್ಳುವುದು ಕ್ಷೇಮ.

ಏಕ ಮೂಲ ಖರೀದಿ ತಪ್ಪಲ್ಲ. ಸಮರ್ಥನೆಯಿಲ್ಲದ ಏಕ ಮೂಲ ಖರೀದಿ ತಪ್ಪು. ಲೆಕ್ಕಪರಿಶೋಧಕರ ಮುಂದೆ ನಿಲ್ಲುವುದು ನಮ್ಮ ಮಾತಲ್ಲ, ಕಡತ. ನಡವಳಿಗೆ ಸಹಿ ಹಾಕುವ ಮುನ್ನ ಮೇಲಿನ ಐದು ಅಂಶಗಳನ್ನು ಓದಿ ಹೇಳುವಂತೆ ನಿಮ್ಮ ಪಿಡಿಒ ಅವರನ್ನು ಕೇಳಿರಿ. ಅದು ಅವಿಶ್ವಾಸವಲ್ಲ, ನಿಮ್ಮ ಕರ್ತವ್ಯ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ