ನೂರು ವೇಷಗಳ ನೋಬಲ್ ಜಾನ್ಸನ್

1933ರ ‘ಕಿಂಗ್ ಕಾಂಗ್’ ನೋಡಿದವರಿಗೆ ಆ ದೈತ್ಯ ಗೊರಿಲ್ಲಾ ಮರೆಯುವುದಿಲ್ಲ. ಅದರ ಮುಷ್ಟಿಯಲ್ಲಿ ಸಿಕ್ಕಿ ಚೀರುವ ನಾಯಕಿಯೂ ಮರೆಯುವುದಿಲ್ಲ. ದ್ವೀಪಕ್ಕೆ ಬಂದಿಳಿದವರನ್ನು ತಡೆದು ಗದರಿಸುವ ಬುಡಕಟ್ಟಿನ ನಾಯಕನ ಮುಖವೂ ಕೆಲವರಿಗೆ ನೆನಪಿರಬಹುದು, ಹೆಸರು ಮಾತ್ರ ನೆನಪಿರಲಾರದು. ಆತ ನೋಬಲ್ ಜಾನ್ಸನ್. ಆ ‘ಕಾಡುಮನುಷ್ಯ’ನ ವೇಷ ತೊಡುವ ಹದಿನೇಳು ವರ್ಷ ಮೊದಲೇ, ಕಪ್ಪು ಜನರನ್ನು ಎಂಜಿನಿಯರ್ ಆಗಿ, ಸೈನಿಕರಾಗಿ ತೋರಿಸುವ ಚಿತ್ರಸಂಸ್ಥೆಯನ್ನು ಕಟ್ಟಿದವರಲ್ಲಿ ಆತನೇ ಮುಂದಾಳು.

ಜಾನ್ಸನ್ ಹುಟ್ಟಿದ್ದು 1881ರಲ್ಲಿ, ಅಮೆರಿಕದ ಮಿಸ್ಸೌರಿಯಲ್ಲಿ. ಬೆಳೆದದ್ದು ಕೊಲೊರಾಡೊ ಸ್ಪ್ರಿಂಗ್ಸ್ ಊರಿನಲ್ಲಿ. ತಂದೆ ಕುದುರೆ ಪಳಗಿಸುವವರು. ಮುಂದೆ ಮೂಕಿಚಿತ್ರಗಳಲ್ಲಿ ‘ಸಾವಿರ ಮುಖಗಳ ಮನುಷ್ಯ’ ಎನಿಸಿದ ಲಾನ್ ಚೇನಿ ಬಾಲ್ಯದ ಗೆಳೆಯ. ಹದಿಹರೆಯದಲ್ಲೇ ಶಾಲೆ ಬಿಟ್ಟ ಜಾನ್ಸನ್ ದನ ಕಾಯುವ ಕೌಬಾಯ್ ಆದ. ಲೂಬಿನ್ ಎಂಬ ಕಂಪನಿ ಆ ಊರಿಗೆ ಚಿತ್ರೀಕರಣಕ್ಕೆ ಬಂದಾಗ ಒಬ್ಬ ನಟ ಗಾಯಗೊಂಡ. ಕುದುರೆಯ ಮೇಲೆ ನಿರ್ಭಯವಾಗಿ ಕೂರಬಲ್ಲ ಆಳು ಬೇಕಾಗಿತ್ತು, ಜಾನ್ಸನ್ ಸಿಕ್ಕ. ಅವನಿಗೆ ಕೊಟ್ಟದ್ದು ಅಮೆರಿಕದ ಮೂಲನಿವಾಸಿಯ ವೇಷ.

ಅಲ್ಲಿಂದ ಯೂನಿವರ್ಸಲ್ ಸಂಸ್ಥೆಗೆ. ಅದು ಧಾರಾವಾಹಿ ಚಿತ್ರಗಳ ಕಾಲ. ವಾರಕ್ಕೊಂದು ಕಂತು, ನಾಯಕಿ ಇನ್ನೇನು ಪ್ರಪಾತಕ್ಕೆ ಬೀಳಬೇಕು ಎನ್ನುವಾಗ ‘ಮುಂದಿನ ವಾರ’. 1917ರ ‘ದಿ ರೆಡ್ ಏಸ್’, ‘ಬುಲ್ಸ್ ಐ’ ಇಂಥ ಧಾರಾವಾಹಿಗಳು. ಆರಡಿ ಮೀರಿದ ಎತ್ತರ, ಗಟ್ಟಿ ಮೈಕಟ್ಟು, ತಿಳಿ ಬಣ್ಣದ ಚರ್ಮ ಜಾನ್ಸನ್‌ಗೆ ಅನುಕೂಲವಾಯಿತು. ಕಪ್ಪು-ಬಿಳುಪು ಫಿಲ್ಮಿನಲ್ಲಿ ಪ್ರಸಾಧನವೊಂದಿದ್ದರೆ ಆತ ಯಾವ ಜನಾಂಗದವನೂ ಆಗಬಲ್ಲವನಾಗಿದ್ದ.

ಆದರೆ ತನ್ನ ಜನಾಂಗದವನಾಗಿಯೇ ತೆರೆಯ ಮೇಲೆ ನಿಲ್ಲುವ ಆಸೆ ಆತನಿಗಿತ್ತು. 1915ರಲ್ಲಿ ‘ದಿ ಬರ್ತ್ ಆಫ್ ಎ ನೇಶನ್’ ಚಿತ್ರ ಕಪ್ಪು ಜನರನ್ನು ಪಶುಗಳಂತೆ ಚಿತ್ರಿಸಿ ಅಪಾರ ಹಣ ಗಳಿಸಿತ್ತು. ಮರುವರ್ಷವೇ ಜಾನ್ಸನ್ ಮತ್ತು ಸಂಗಡಿಗರು ಲಿಂಕನ್ ಮೋಷನ್ ಪಿಕ್ಚರ್ ಕಂಪನಿಯನ್ನು ಆರಂಭಿಸಿದರು. ಅದರ ಮೊದಲ ಚಿತ್ರದ ನಾಯಕ ಒಬ್ಬ ಕಪ್ಪು ಎಂಜಿನಿಯರ್. ಎಣ್ಣೆ ಬಾವಿಯಲ್ಲಿ ಕೆಲಸ ಕೇಳಿದಾಗ ಬಣ್ಣ ನೋಡಿ ಹೊರಗಟ್ಟಿದರೂ ಕೊನೆಗೆ ಗೆಲ್ಲುವವನು. ಎರಡನೆಯದು ಮೆಕ್ಸಿಕೊದ ಕಾರಿಸಾಲ್‌ನಲ್ಲಿ 1916ರಲ್ಲಿ ಹೋರಾಡಿದ ಕಪ್ಪು ಅಶ್ವದಳದ ಕಥೆ. ಎರಡರಲ್ಲೂ ಜಾನ್ಸನ್ನೇ ನಾಯಕ. ಯೂನಿವರ್ಸಲ್‌ನಲ್ಲಿ ದುಡಿದ ಹಣವನ್ನು ಇಲ್ಲಿ ಸುರಿಯುತ್ತಿದ್ದ.

ತೊಡಕು ಬಂದದ್ದು ಈ ಯಶಸ್ಸಿನಿಂದಲೇ. ಕಪ್ಪು ಜನರ ಬಡಾವಣೆಗಳ ಚಿತ್ರಮಂದಿರಗಳಲ್ಲಿ ಯೂನಿವರ್ಸಲ್‌ನ ಜಾನ್ಸನ್‌ಗೆ ಲಿಂಕನ್‌ನ ಜಾನ್ಸನ್ ಪೈಪೋಟಿಯಾದ. ಅಲ್ಲಿ ಪ್ರೇಕ್ಷಕರು ತಮ್ಮವನನ್ನು ನಾಯಕನಾಗಿ ನೋಡಲು ನುಗ್ಗುತ್ತಿದ್ದರು. ಯೂನಿವರ್ಸಲ್ ಒತ್ತಡ ಹೇರಿತು. ಲಿಂಕನ್ ಸಂಬಳ ಕೊಡುವ ಸ್ಥಿತಿಯಲ್ಲಿರಲಿಲ್ಲ. 1918ರಲ್ಲಿ ಜಾನ್ಸನ್ ತನ್ನದೇ ಕಂಪನಿಗೆ ರಾಜೀನಾಮೆ ಕೊಟ್ಟ. ಇದನ್ನು ದ್ರೋಹ ಎನ್ನುವುದು ಸುಲಭ. ಆದರೆ ಅನ್ನ ಕೊಡುವ ಕೈಯೂ ಕಟ್ಟಿಹಾಕುವ ಕೈಯೂ ಒಂದೇ ಆಗಿದ್ದಾಗ ಆಯ್ಕೆಗೆ ಉಳಿಯುವುದೆಷ್ಟು?

ಮುಂದಿನದು ವೇಷಗಳ ಮೆರವಣಿಗೆ. ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ (1924) ಭಾರತದ ರಾಜಕುಮಾರ, ‘ಮೊಬಿ ಡಿಕ್’ನಲ್ಲಿ (1930) ಕ್ವೀಕ್ವೆಗ್, ‘ದಿ ಮಮ್ಮಿ’ಯಲ್ಲಿ (1932) ನ್ಯೂಬಿಯದ ಆಳು. ಅದೇ ವರ್ಷ ‘ದಿ ಮೋಸ್ಟ್ ಡೇಂಜರಸ್ ಗೇಮ್’ನಲ್ಲಿ ರಷ್ಯದ ಕೊಸಾಕ್; ಕಪ್ಪು ನಟನೊಬ್ಬ ಬಿಳಿಯನಾದ ಅಪರೂಪದ ಸಂದರ್ಭ. 1949ರಲ್ಲಿ ಜಾನ್ ಫೋರ್ಡ್ ಅವರ ‘ಶೀ ವೋರ್ ಎ ಯೆಲ್ಲೋ ರಿಬ್ಬನ್’ನಲ್ಲಿ ಮತ್ತೆ ಮೂಲನಿವಾಸಿ ನಾಯಕ. ಮೊದಲು ತೊಟ್ಟ ವೇಷವೇ ಬಹುಮಟ್ಟಿಗೆ ಕೊನೆಯದೂ ಆಯಿತು. 1950ರ ವೇಳೆಗೆ ಬಣ್ಣ ಕಳಚಿದ ಜಾನ್ಸನ್ 1978ರಲ್ಲಿ, 96ನೆಯ ವಯಸ್ಸಿನಲ್ಲಿ ತೀರಿಕೊಂಡ.

ಲಿಂಕನ್ ಕಂಪನಿಯ ಕೊನೆಯ ಚಿತ್ರ ಬಂದದ್ದು 1921ರಲ್ಲಿ. ಆ ಚಿತ್ರದ ಕೆಲವು ನಿಮಿಷಗಳ ತುಣುಕು ಉಳಿದಿದೆ. ಜಾನ್ಸನ್ ನಾಯಕನಾಗಿದ್ದ ಚಿತ್ರಗಳು ಕಳೆದುಹೋಗಿವೆ. ಅವುಗಳ ಕಥೆ ನಮಗೆ ತಿಳಿದಿರುವುದು ಬಹುಪಾಲು ತಮ್ಮ ಜಾರ್ಜ್ ಜೋಪಾನ ಮಾಡಿದ, ಈಗ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿರುವ ಕಾಗದಪತ್ರಗಳಿಂದ. ಪರರ ಕಥೆಗೆ ಕೊಟ್ಟ ಮುಖ ಇಂದಿಗೂ ತೆರೆಯ ಮೇಲಿದೆ. ತನ್ನ ಕಥೆಗೆ ಕೊಟ್ಟದ್ದು ಕಾಗದದಲ್ಲಷ್ಟೇ ಉಳಿದಿದೆ.