ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಮನೆ ನಿರ್ವಹಣೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳು ಟೂ-ಸ್ಟ್ರೋಕ್ ಎಂಜಿನ್ ಹೊಂದಿದ್ದವು. ಕಾರ್ಖಾನೆ ಮುಚ್ಚಿದ ಬಳಿಕ ಇವುಗಳ ಆರೈಕೆ ಬಹುಮಟ್ಟಿಗೆ ಮಾಲೀಕರು ಹಾಗೂ ಹಳೆಯ ಮೆಕ್ಯಾನಿಕ್‌ಗಳ ಪಾಲಿಗೆ ಬಂದಿತು.

ಇವುಗಳ ಪಿಸ್ಟನ್ ಮತ್ತು ಕ್ರ್ಯಾಂಕ್ ಬೇರಿಂಗ್‌ಗಳ ಸವೆತವನ್ನು ತಡೆಯುವುದು ಪೆಟ್ರೋಲಿನಲ್ಲಿ ಬೆರೆಸಿದ 2ಟಿ ಆಯಿಲ್ ಮಾತ್ರ. ಆದ್ದರಿಂದ ನಿರ್ವಹಣೆಯ ಮುಖ್ಯ ಭಾಗ ಪೆಟ್ರೋಲ್ ತುಂಬಿಸುವಾಗಲೇ ನಡೆಯುತ್ತದೆ. 25:1ರ ಅನುಪಾತದಲ್ಲಿ 1 ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಬೇಕು. ಬೆರೆಸಲು ಮರೆತರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು, ಓಡುತ್ತಿರುವ ವಾಹನದ ಹಿಂಬದಿ ಚಕ್ರ ಒಮ್ಮೆಲೇ ನಿಲ್ಲಬಹುದು; ಆಗ ತಕ್ಷಣ ಕ್ಲಚ್ ಹಿಡಿಯುವುದೊಂದೇ ದಾರಿ. ಹೆಚ್ಚು ಬೆರೆಸಿದರೆ ಹೊಗೆ ಹೆಚ್ಚಿ, ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ.

ಮಿಶ್ರಣದ ಸ್ಥಿತಿಯನ್ನು ಸ್ಪಾರ್ಕ್ ಪ್ಲಗ್ ಬಿಚ್ಚಿ ತಿಳಿಯಬಹುದು. ತುದಿ ತಿಳಿಗಂದು ಬಣ್ಣದಲ್ಲಿದ್ದರೆ ದಹನ ಸರಿಯಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಆಯಿಲ್ ಅಥವಾ ಪೆಟ್ರೋಲ್ ಹೆಚ್ಚಾಗಿದೆ. ಬಿಳಿಚಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ.

ಗೇರ್‌ಬಾಕ್ಸ್‌ನ ಆಯಿಲ್ ಬೇರೆಯದು. ಎಂಜಿನ್ ಬೆಚ್ಚಗಿರುವಾಗ ಇಳಿಸಿದರೆ ಅದು ಪೂರ್ತಿಯಾಗಿ ಸುರಿಯುತ್ತದೆ. ಚೈನ್ ಸಂಪೂರ್ಣವಾಗಿ ಕವಚದೊಳಗಿರುವುದರಿಂದ ಧೂಳು, ಕೆಸರು ತಾಗುವುದು ಕಡಿಮೆ. ಆದರೆ ಕಣ್ಣಿಗೆ ಬೀಳದ ಕಾರಣಕ್ಕೇ ಅದು ಸಡಿಲಗೊಂಡದ್ದು ಹಲವರಿಗೆ ತಡವಾಗಿ ತಿಳಿಯುತ್ತದೆ.