ಬೆಟ್ಟದ ದಾರಿಗೆ ಇ-ಸೈಕಲ್: ಕೊಳ್ಳುವ ಮುನ್ನ ಲೆಕ್ಕ ಹಾಕಿ

ಬೆಂಗಳೂರು: ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಡುತ್ತ ಸೈಕಲ್ ತುಳಿಯುವವರ ಸಾಲು ಹೊಸದೇನಲ್ಲ. ಆ ಸಾಲನ್ನು ಸೇರುವ ಆಸೆಯಿದ್ದರೂ ಮಂಡಿನೋವು, ವಯಸ್ಸು ಅಥವಾ ಅಭ್ಯಾಸದ ಕೊರತೆಯಿಂದ ಹಿಂಜರಿಯುವವರು ಅನೇಕ. ಅಂಥವರ ಕಣ್ಣು ಈಗ ಇ-ಸೈಕಲ್‌ಗಳ ಮೇಲೆ ಬಿದ್ದಿದೆ. 25 ಸಾವಿರದಿಂದ 50 ಸಾವಿರ ರೂಪಾಯಿಯೊಳಗೆ ಹಲವು ಮಾದರಿಗಳು ಸಿಗುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ನಗರದ ಸಮತಟ್ಟು ರಸ್ತೆಗೆಂದು ರೂಪುಗೊಂಡವು. ಅಂಥದ್ದನ್ನು ಮಲೆನಾಡಿನ ದಾರಿಗೆ ಒಯ್ದರೆ ನಡುದಾರಿಯಲ್ಲಿ ಬ್ಯಾಟರಿ ಬರಿದಾಗಿ, ಇಪ್ಪತ್ತು ಕಿಲೋಗೂ ಮೀರಿದ ಭಾರವನ್ನು ತಳ್ಳಿಕೊಂಡು ಹೋಗುವ ಪಾಡು ಬರಬಹುದು. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟರಂತೂ ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಬೆಟ್ಟಕ್ಕೆ ತಕ್ಕ, ಜೇಬಿಗೂ ಹೊರೆಯಾಗದ ಇ-ಸೈಕಲನ್ನು ಆರಿಸುವುದು ಹೇಗೆ?

ಕಾನೂನು ಏನೆನ್ನುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್ ತುಳಿತಕ್ಕೆ ನೆರವಾಗುವ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿರಬೇಕು. ವೇಗ ಗಂಟೆಗೆ 25 ಕಿ.ಮೀ. ಮುಟ್ಟುವಷ್ಟರಲ್ಲಿ ಮೋಟಾರಿನ ನೆರವು ನಿಲ್ಲಬೇಕು. ಬ್ಯಾಟರಿ ಬಿಟ್ಟು ಸೈಕಲಿನ ತೂಕ 60 ಕಿಲೋ ಮೀರಬಾರದು. ತಕ್ಕ ಬ್ರೇಕ್, ಮುಂದೆ ಬಿಳಿ ಹಾಗೂ ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಈ ಮಿತಿಯೊಳಗಿದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿದ್ದರೆ ಅದು ಮೋಟಾರು ವಾಹನವೆನಿಸುವುದಿಲ್ಲ. ನೋಂದಣಿಯೂ ಬೇಡ, ಚಾಲನಾ ಪರವಾನಗಿಯೂ ಬೇಡ.

ಬೆಟ್ಟಕ್ಕೆ 250 ವ್ಯಾಟ್ ಸಾಲದೆಂದು 500 ಅಥವಾ 1,000 ವ್ಯಾಟ್‌ನ ಮೋಟಾರ್ ಕಿಟ್ ಜೋಡಿಸಿಕೊಳ್ಳುವವರಿದ್ದಾರೆ. ಆ ಕ್ಷಣದಿಂದ ಅದು ಸೈಕಲ್ ಅಲ್ಲ, ನೋಂದಣಿಯಿಲ್ಲದ ಮೋಟಾರು ವಾಹನ. ಅಪಘಾತವಾದರೆ ಹೊಣೆಯೆಲ್ಲ ಸವಾರನದೇ.

ವ್ಯಾಟ್ ಅಲ್ಲ, ಟಾರ್ಕ್ ನೋಡಿ

ಎಲ್ಲ ಮಾದರಿಗಳ ಮೇಲೂ 250 ವ್ಯಾಟ್ ಎಂದೇ ಬರೆದಿರುವುದರಿಂದ ಆ ಅಂಕಿಯಿಂದ ಆಯ್ಕೆಗೆ ನೆರವಾಗದು. ಕೇಳಬೇಕಾದದ್ದು ಚಕ್ರವನ್ನು ತಿರುಗಿಸುವ ಬಲ, ಅಂದರೆ ಟಾರ್ಕ್ ಎಷ್ಟೆಂಬುದನ್ನು. ಇದನ್ನು ನ್ಯೂಟನ್ ಮೀಟರ್‌ಗಳಲ್ಲಿ ಅಳೆಯುತ್ತಾರೆ.

ಸವಾರ, ಸೈಕಲ್, ಚೀಲ ಸೇರಿ ಒಟ್ಟು ತೂಕ 100 ಕಿಲೋ ಎಂದುಕೊಳ್ಳೋಣ. ನೂರು ಮೀಟರ್ ಸಾಗಿದಾಗ ಆರು ಮೀಟರ್ ಎತ್ತರಕ್ಕೇರುವ ದಾರಿಯಲ್ಲಿ, 27.5 ಇಂಚಿನ ಚಕ್ರಕ್ಕೆ ಸುಮಾರು 23 ನ್ಯೂಟನ್ ಮೀಟರ್ ಬಲ ಬೇಕು. ಏರು ಹತ್ತು ಮೀಟರ್‌ಗೆ ಹೆಚ್ಚಿದರೆ ಈ ಬೇಡಿಕೆ 37ಕ್ಕೆ ಮುಟ್ಟುತ್ತದೆ. ಅಗ್ಗದ ಮಾದರಿಗಳ ಹಿಂಚಕ್ರದಲ್ಲಿರುವ ಹಬ್ ಮೋಟಾರಿನ ಸಾಮರ್ಥ್ಯ ಸಾಮಾನ್ಯವಾಗಿ 35ರಿಂದ 40. ಅಂದರೆ ಕಡಿದಾದ ಏರಿನಲ್ಲಿ ಮೋಟಾರೊಂದನ್ನೇ ನಂಬಿದರೆ ಅದು ತನ್ನ ಶಕ್ತಿಯ ತುತ್ತತುದಿಯಲ್ಲಿ ತೆವಳುತ್ತದೆ, ಬಿಸಿಯೇರುತ್ತದೆ, ಬ್ಯಾಟರಿಯನ್ನು ಹೀರುತ್ತದೆ. ಸವಾರ ತುಳಿಯಲೇಬೇಕು.

ಪೆಡಲಿನ ಬಳಿಯೇ ಕೂರುವ ಮಿಡ್-ಡ್ರೈವ್ ಮೋಟಾರು ಗೇರುಗಳ ಮೂಲಕ ಬಲ ಹರಿಸುವುದರಿಂದ ಬೆಟ್ಟಕ್ಕೆ ಅದೇ ಉತ್ತಮ. ಆದರೆ ಬೆಲೆ ಈ ಬಜೆಟ್ಟನ್ನು ಬಹಳವೇ ಮೀರುತ್ತದೆ. ಹಬ್ ಮೋಟಾರಿಗೇ ತೃಪ್ತರಾಗುವವರು ತುಸು ಸಣ್ಣ ಚಕ್ರದ ಮಾದರಿಯನ್ನು ಪರಿಗಣಿಸಬಹುದು. ಚಕ್ರ ಚಿಕ್ಕದಾದಷ್ಟೂ ಅದೇ ಟಾರ್ಕ್‌ನಿಂದ ಹೆಚ್ಚು ಎಳೆತ ಸಿಗುತ್ತದೆ.

ಗೇರ್ ಇರಲೇಬೇಕು

ಒಂದೇ ಗೇರಿನ ಇ-ಸೈಕಲ್ ಅಗ್ಗ, ನೋಡಲೂ ಅಂದ. ಬೆಟ್ಟಕ್ಕೆ ಮಾತ್ರ ಅದು ಸಲ್ಲದು. ಕನಿಷ್ಠ ಏಳು ಗೇರುಗಳಿರಲಿ. ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 28 ಅಥವಾ ಹೆಚ್ಚು ಹಲ್ಲುಗಳಿದ್ದರೆ ಒಳಿತು. ಬ್ಯಾಟರಿ ಮುಗಿದಾಗ ಮನೆಗೆ ಮುಟ್ಟಿಸುವುದೂ ಇದೇ ಗೇರು.

ಸೆನ್ಸರ್ ಯಾವುದೆಂದೂ ವಿಚಾರಿಸಿ. ಕಡಿಮೆ ಬೆಲೆಯವುಗಳಲ್ಲಿ ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ಗುರುತಿಸುವ ಕೇಡೆನ್ಸ್ ಸೆನ್ಸರ್ ಇರುತ್ತದೆ; ಮೋಟಾರು ತುಸು ತಡವಾಗಿ, ಒಮ್ಮೆಲೇ ನೂಕುತ್ತದೆ. ಕಾಲಿನ ಬಲವನ್ನು ಅಳೆದು ನೆರವು ನೀಡುವ ಟಾರ್ಕ್ ಸೆನ್ಸರ್ ತಿರುವುಗಳಲ್ಲಿ ಹಿತಕರ, ಬ್ಯಾಟರಿಗೂ ಮಿತವ್ಯಯ. ಬೆಲೆ ಹೆಚ್ಚು.

ಬ್ಯಾಟರಿಯ ಅಸಲಿ ಲೆಕ್ಕ

ಜಾಹೀರಾತಿನ 'ಒಂದು ಚಾರ್ಜ್‌ಗೆ 40 ಕಿ.ಮೀ.' ಎಂಬ ಮಾತು ಸಮತಟ್ಟು ದಾರಿಯದು. ವೋಲ್ಟ್ ಮತ್ತು ಆಂಪಿಯರ್ ಅವರ್ ಅಂಕಿಗಳನ್ನು ಗುಣಿಸಿದರೆ ಬ್ಯಾಟರಿಯ ನಿಜವಾದ ಗಾತ್ರ ತಿಳಿಯುತ್ತದೆ. 36 ವೋಲ್ಟ್, 5.8 ಆಂಪಿಯರ್ ಅವರ್ ಬ್ಯಾಟರಿ ಎಂದರೆ ಸುಮಾರು 209 ವ್ಯಾಟ್ ಅವರ್.

ನಮ್ಮ 100 ಕಿಲೋ ತೂಕವನ್ನು ಏಳು ಕಿ.ಮೀ. ದಾರಿಯಲ್ಲಿ 400 ಮೀಟರ್ ಎತ್ತರಕ್ಕೆ ಒಯ್ಯಲು ಸುಮಾರು 125 ವ್ಯಾಟ್ ಅವರ್ ಶಕ್ತಿ ಬೇಕು. ನಂದಿಯ ಏರು ಹೆಚ್ಚುಕಡಿಮೆ ಇಂಥದ್ದೇ. ಮೋಟಾರಿನಲ್ಲಿ ಮೂರನೇ ಒಂದು ಪಾಲು ಶಾಖವಾಗಿ ಪೋಲಾಗುತ್ತದೆಂದು ಹಿಡಿದರೆ, ತುಳಿಯದೆ ಥ್ರಾಟಲ್ ತಿರುಗಿಸಿಕೊಂಡೇ ಹೋದವರ ಬ್ಯಾಟರಿ ತುದಿ ಮುಟ್ಟುವಾಗ ಬಹುತೇಕ ಖಾಲಿ. ಅರ್ಧದಷ್ಟು ಶ್ರಮವನ್ನು ತಾವೇ ವಹಿಸಿದವರ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತದೆ. ಇ-ಸೈಕಲ್‌ನ ಮರ್ಮವಿರುವುದು ಇಲ್ಲಿಯೇ: ಅದು ಅಗ್ಗದ ಸ್ಕೂಟರ್ ಅಲ್ಲ, ನೆರವು ನೀಡುವ ಸೈಕಲ್. ಹಾಗೆಂದು ಬೆಂಗಳೂರಿನಿಂದ ಸುಮಾರು 60 ಕಿ.ಮೀ. ತುಳಿದು ಹೋಗಿ ಬೆಟ್ಟ ಹತ್ತುವ ಯೋಜನೆ ಇಂಥ ಬ್ಯಾಟರಿಗೆ ನಿಲುಕದು. ಬುಡದವರೆಗೆ ಕಾರಿನಲ್ಲಿ ಒಯ್ಯುವುದೇ ಲೇಸು.

ಬ್ಯಾಟರಿಯನ್ನು ಕಳಚಿ ಮನೆಯೊಳಗೆ ಚಾರ್ಜ್ ಮಾಡುವಂತಿದ್ದರೆ ಅನುಕೂಲ. ವಿದ್ಯುತ್ ಖರ್ಚು ಒಂದು ಚಾರ್ಜ್‌ಗೆ ಎರಡು-ಮೂರು ರೂಪಾಯಿ ಮಾತ್ರ. ನಿಜವಾದ ಖರ್ಚು ಕೆಲವು ವರ್ಷಗಳ ನಂತರ ಹೊಸ ಬ್ಯಾಟರಿ ಕೊಳ್ಳುವಾಗ ಎದುರಾಗುತ್ತದೆ. ಅದರ ಬೆಲೆಯನ್ನೂ ವಾರಂಟಿಯ ಅವಧಿಯನ್ನೂ ಮೊದಲೇ ಬರಹದಲ್ಲಿ ಪಡೆಯಿರಿ.

ಹತ್ತಿದ ಮೇಲೆ ಇಳಿಯಬೇಕಲ್ಲ!

ಕೊಳ್ಳುವವರು ಹೆಚ್ಚಾಗಿ ಮರೆಯುವುದು ಇಳಿಜಾರನ್ನು. 100 ಕಿಲೋ ತೂಕ 400 ಮೀಟರ್ ಕೆಳಗಿಳಿದಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು ಕುದಿಸಲು ಸಾಕು. ಗಾಳಿಗೂ ರಸ್ತೆಗೂ ಸಂದುದನ್ನು ಕಳೆದು ಉಳಿದದ್ದೆಲ್ಲವನ್ನೂ ಬ್ರೇಕ್ ತಾಳಿಕೊಳ್ಳಬೇಕು. ರಿಮ್ ಹಿಡಿಯುವ ಬ್ರೇಕುಗಳು ಮಳೆಯಲ್ಲಿ ಹಿಡಿತ ಕಳೆದುಕೊಳ್ಳುತ್ತವೆ. ಆಗುಂಬೆ ಘಾಟಿಯಂತಹ 14 ಹಿಮ್ಮುರಿ ತಿರುವುಗಳ ದಾರಿಗೆ ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅನಿವಾರ್ಯ. ಬ್ರೇಕ್ ಒತ್ತಿದೊಡನೆ ಮೋಟಾರು ನಿಲ್ಲುತ್ತದೆಯೇ ಎಂದೂ ಪರೀಕ್ಷಿಸಿ. ಇಳಿಯುವಾಗ ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿಯದೆ, ಬಿಟ್ಟು ಬಿಟ್ಟು ಒತ್ತಿದರೆ ಡಿಸ್ಕ್ ತಣಿಯಲು ಅವಕಾಶ ಸಿಗುತ್ತದೆ.

ಮಲೆನಾಡಿನ ಮಳೆಯಲ್ಲಿ ವೈರುಗಳ ಜೋಡಣೆಗೆ ನೀರು ಸೇರದಂತೆ ಮುಚ್ಚಳ ಇರಬೇಕು. ಕೆಸರು ತೊಳೆಯಲು ಒತ್ತಡದ ನೀರು ಹಾಯಿಸಬಾರದು. ಒದ್ದೆ ಬಟ್ಟೆ ಸಾಕು.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

ಅಂಗಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ತೀರ್ಮಾನಿಸಬೇಡಿ. ಹತ್ತಿರದ ಯಾವುದಾದರೂ ಕಡಿದಾದ ಏರಿಗೆ ಒಯ್ಯಲು ಅನುಮತಿ ಕೇಳಿ. ಏರಿನ ನಡುವೆ ಪೂರ್ತಿ ನಿಲ್ಲಿಸಿ, ಮತ್ತೆ ಹೊರಡಿ. ಬಳಿಕ ಮೋಟಾರನ್ನು ಆರಿಸಿ ಅದೇ ಏರನ್ನು ಕಡಿಮೆ ಗೇರಿನಲ್ಲಿ ತುಳಿದು ನೋಡಿ. ಸೈಕಲನ್ನು ಎತ್ತಿ ನಾಲ್ಕು ಮೆಟ್ಟಿಲು ಹತ್ತಿ. ಇವಿಷ್ಟೂ ಸಾಧ್ಯವಾದರೆ ಆ ಸೈಕಲ್ ನಿಮಗೆ ಒಗ್ಗುತ್ತದೆಂದು ತಿಳಿಯಬಹುದು.

ಬಜೆಟ್ ಬಿಗಿಯಾಗಿದ್ದರೆ ಯಾವುದಕ್ಕೆ ಮೊದಲ ಆದ್ಯತೆ? ಮೊದಲು ಬ್ರೇಕ್, ನಂತರ ಗೇರ್, ಆಮೇಲೆ ಬ್ಯಾಟರಿ. ಬಣ್ಣದ ಪರದೆ, ಮೊಬೈಲ್ ಆ್ಯಪ್‌ಗಳಿಗೆ ಕೊನೆಯ ಸ್ಥಾನ. ಅವು ಯಾರನ್ನೂ ಬೆಟ್ಟ ಹತ್ತಿಸುವುದಿಲ್ಲ, ಸುರಕ್ಷಿತವಾಗಿ ಇಳಿಸುವುದೂ ಇಲ್ಲ.